ನಡುವೆ ನಿಂತ ಮೇಣ

ಹಾಸ್ಟೆಲ್, ೫ ಜನವರಿ ೧೯೯೯

ಗೌಸಿಯಾ,

ಸಂಕ್ರಾಂತಿಗೆ ಹೊಳಲಿಗೆ ಹೋಗುವ ಮುಂಚೆ ಕೊಟ್ಟೂರಿಗೆ ಬಂದು ಎರಡು ದಿನ ನಿನ್ನ ತಲೆ ತಿನ್ನುತ್ತೇನೆ ಎಂದಿದ್ದೆ. ಆಗುವುದಿಲ್ಲ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಯಾಕೆಂದರೆ ಈ ಕಾಗದದ ಕೊನೆಗೆ ನಿನ್ನಿಂದ ಒಂದು ಕೆಲಸ ಆಗಬೇಕಿದೆ.

ನನ್ನ ಪಿಎಚ್.ಡಿ. ಯಾತರ ಮೇಲೆ ಎಂದು ಪ್ರತಿ ಸಲ ಕೇಳುತ್ತೀಯ, ಪ್ರತಿ ಸಲ ಮರೆಯುತ್ತೀಯ. ಇನ್ನೊಮ್ಮೆ ಹೇಳುತ್ತೇನೆ. ತಾಮ್ರದ ಟೊಳ್ಳು ಗುಂಡಿನೊಳಗೆ ಮೇಣ ತುಂಬಿ, ಅಂಥ ನೂರಾರು ಗುಂಡುಗಳನ್ನು ನೀರಿನ ಟಾಕಿಯೊಳಗೆ ಬಿಡುವುದು. ಹಗಲು ಬಿಸಿಲಿಗೆ ಕಾದ ನೀರು ಮೇಣವನ್ನು ಕರಗಿಸುತ್ತದೆ. ಸಂಜೆ ನೀರು ಆರತೊಡಗಿದಾಗ ಮೇಣ ಗಟ್ಟಿಯಾಗುತ್ತಾ, ನುಂಗಿದ್ದ ಶಾಖವನ್ನು ನೀರಿಗೆ ವಾಪಸ್ಸು ಕೊಡುತ್ತದೆ. ಹರಪನಹಳ್ಳಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಮಾಳಿಗೆಯ ಮೇಲೆ ಇಂಥ ಟಾಕಿ ಕೂರಿಸಬೇಕೆಂಬುದು ನಮ್ಮ ಸರ್ ಅವರ ಬಹಳ ದಿನದ ಆಸೆ. ದಾವಣಗೆರೆಯ ಹಾಸ್ಟೆಲಿನಲ್ಲಿ ನಾವಿಬ್ಬರೂ ತಣ್ಣೀರು ಸುರಿದುಕೊಂಡು ಕಿರುಚುತ್ತಿದ್ದದ್ದು ನೆನಪಿದ್ದರೆ, ಅದು ಸಣ್ಣ ಆಸೆಯಲ್ಲ ಎಂದು ನಿನಗೆ ತಿಳಿಯುತ್ತದೆ.

ಮೇಣ ಹೇಗೆ ಕರಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ನನ್ನ ಪಾಲು. ಗುಂಡನ್ನು ಸಾವಿರಾರು ಸಣ್ಣ ಚೂರುಗಳಾಗಿ ಮಾಡಿ, ಯಾವ ಚೂರು ಯಾವಾಗ ಕರಗಿತು ಎಂದು ಯಂತ್ರವನ್ನು ಕೇಳುವುದು. ಸುತ್ತಲಿಂದ ಕರಗುತ್ತಾ ಬಂದು, ನಡುವೆ ಒಂದು ಗಟ್ಟಿ ಗಡ್ಡೆ ಉಳಿದು, ಅದೂ ಸಣ್ಣಗಾಗುತ್ತಾ ಹೋಗುತ್ತದೆ. ಒಂದು ಗುಂಡು ಕರಗಿಸಲು ಈ ಯಂತ್ರ ಎರಡು ದಿನ ತೆಗೆದುಕೊಳ್ಳುತ್ತದೆ, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಕಂಪ್ಯೂಟರಿನ ಈ ಕೋಣೆಗೆ ಕಿಟಕಿಯಿಲ್ಲ. ಸಮುದ್ರ ಕಾಲೇಜಿನ ಬೆನ್ನಿಗೇ ಇದ್ದರೂ ನನಗೆ ಅದರ ವಾಸನೆ ಮಾತ್ರ ಗೊತ್ತು.

ಸರ್ ಅಂದರೆ ಡಾ. ಗುರುಸಂಗಪ್ಪ, ನಮ್ಮ ಅರಸೀಕೆರೆಯವರು. "ಏನವಾ ಹೊಳಲ ಹುಡುಗಿ, ನಿನ್ನ ಮೇಣ ಕರಗ್ತೋ ಇಲ್ಲೋ?" ಎಂದು ದಿನಾ ಕೇಳುತ್ತಾರೆ. ಬರುವ ವರ್ಷ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ನಾನು ಮುಗಿಸದಿದ್ದರೆ ನನ್ನನ್ನು ಕೇಳುವವರು ಯಾರೂ ಇಲ್ಲ.

ಈಗ ಕೆಲಸ. ಪಾಯಿಖಾನೆಯ ಟಾಕಿಯೊಳಗೆ ತೇಲುವ ತಾಮ್ರದ ಗುಂಡುಗಳನ್ನು ಕೊಂಡು ಪಾರ್ಸೆಲ್ ಮಾಡಿದ್ದೇನೆ. ತೂತು ಮಾಡಿ, ಮೇಣ ತುಂಬಿ, ಸೋರದಂತೆ ಬೆಸುಗೆ ಹಾಕಬೇಕು. ಇಲ್ಲಿಯವರು ಹಾಕಿದ್ದೆಲ್ಲಾ ಸೋರಿತು. ಲಾರಿ ರೇಡಿಯೇಟರಿನ ಬೆಸುಗೆಯಲ್ಲಿ ನಿಮ್ಮ ಅಬ್ಬಾ ಅವರ ಕೈ ಇಡೀ ತಾಲೂಕಿಗೆ ಗೊತ್ತು. ಹಸನ್ ಚಾಚಾಗೆ ನನ್ನ ಸಲಾಮು ಹೇಳಿ ಮಾಡಿಸಿಕೊಡು. ನೀನಂತೂ ಮನೆಯಲ್ಲಿ ರಾಣಿಯಂತೆ ಕೂತಿದ್ದೀಯ, ನಿನಗೇನು ಕಷ್ಟ?

ನಿನ್ನ ಸುಮಾ


ಕೊಟ್ಟೂರು, ೩೧ ಜನವರಿ ೧೯೯೯

ಸುಮಲತಾ ಮಹಾರಾಣಿಯವರಿಗೆ, ಕೊಟ್ಟೂರಿನ ರಾಣಿಯ ಸಲಾಮು.

ಗುಂಡುಗಳನ್ನು ದಾವಣಗೆರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ, ಅಲ್ಲಿಂದ ನಿಮ್ಮ ಕಡೆಯ ಬಸ್ಸಿಗೆ ಹಾಕುತ್ತಾನೆ. ಒಂದೊಂದನ್ನೂ ರೇಡಿಯೇಟರ್ ಪರೀಕ್ಷಿಸುವ ತೊಟ್ಟಿಯಲ್ಲಿ ಮುಳುಗಿಸಿ ನೋಡಿದ್ದೇವೆ. ಒಂದು ಗುಳ್ಳೆಯೂ ಏಳಲಿಲ್ಲ. ಕರಗಿದ ಮೇಣ ಹಿಗ್ಗುತ್ತದೆ ಎಂದು ಒಳಗೆ ಸ್ವಲ್ಪ ಜಾಗ ಬಿಟ್ಟಿದ್ದೇವೆ, ಹೆದರಬೇಡ. ಬಿಸಿ ಅಳೆಯುವ ತಂತಿ ಇಳಿಸಬೇಕು ಎಂದು ನೀನು ಪಾರ್ಸೆಲ್ಲಿನ ಚೀಟಿಯಲ್ಲಿ ಬರೆದಿದ್ದ ಎರಡು ಗುಂಡುಗಳ ತೂತನ್ನು ಹಾಗೇ ಬಿಟ್ಟಿದ್ದೇವೆ.

ಅಬ್ಬಾ ಖುಷಿಯಾಗಿದ್ದಾರೆ. ಲಾರಿಯವರಿಗೆಲ್ಲಾ "ಈಗ ಸೂರ್ಯನ ರೇಡಿಯೇಟರೂ ನಮ್ಮಲ್ಲೇ ಆಗ್ತೈತ್ರಿ" ಎಂದು ಹೇಳುತ್ತಾ ಕೂತಿದ್ದಾರೆ. ಅವರು ಮನೆಯ ಮುಂದಿನ ಅಂಗಡಿಯಲ್ಲಿ ಕೂತು ಮಾತಾಡುವುದನ್ನು ನಾನು ಪರದೆಯ ಹಿಂದಿನಿಂದ ಕೇಳುತ್ತಿರುತ್ತೇನೆ. ನನ್ನ ದಿನ ಹೀಗೇ: ಅಮ್ಮಿಗೆ ಅಡಿಗೆಯಲ್ಲಿ ಕೈ ಹಚ್ಚುವುದು, ಮಧ್ಯಾಹ್ನ ನಿದ್ದೆ, ಸಂಜೆ ನಾಕು ಹುಡುಗಿಯರಿಗೆ ಗಣಿತ. ಬಿ.ಇ. ಓದಿದ್ದು ಸಾರ್ಥಕ.

ನಿನಗೆ ಸಮುದ್ರ ಇದೆ, ಅದನ್ನೂ ನೋಡುವುದಿಲ್ಲವೆಂದರೆ ನಿನಗಿಂತ ದಡ್ಡಿ ಯಾರಿದ್ದಾರೆ? ನನ್ನನ್ನು ಆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸು, ನೀನು ಬಂದು ಇಲ್ಲಿ ಬಿಸಿಲಿಗೆ ಮೈ ಕಾಯಿಸಿಕೋ.

ಗೌಸಿಯಾ


ಹಾಸ್ಟೆಲ್, ೧೭ ಫೆಬ್ರವರಿ ೧೯೯೯

ಲೇ ಗೌಸಿಯಾ,

ಮೊದಲು ಚಾಚಾನ ಕೈಗೆ ನಮಸ್ಕಾರ. ಬೆಸುಗೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಬೇಕು, ಅಷ್ಟು ನಯ. ಸರ್ ಗುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಮಿಸ್ತ್ರಿ ಇಲ್ಲಿದ್ದಿದ್ರ ನಾ ಅವಂಗ ಪ್ರೊಫೆಸರ್ ಕುರ್ಚಿ ಬಿಟ್ಕೊಡ್ತಿದ್ದೆ" ಎಂದರು.

ಎರಡನೆಯದು ಕೇಳು. ತಾಮ್ರದೊಳಗೆ ಏನಾಗುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಮೇಣದ ನಡುವೆ ಐದು ತಂತಿ ಇಳಿಸಿ ಒಳಗಿನ ಬಿಸಿ ಅಳೆಯುತ್ತೇವೆ. ತಂತಿ ಹೇಳಿದ್ದೂ ನನ್ನ ಪ್ರೋಗ್ರಾಮು ಹೇಳಿದ್ದೂ ಒಂದರ ಮೇಲೊಂದು ಕೂತವು. ಸರ್ ಹತ್ತು ವರ್ಷದ ಹಿಂದೆ ಒಂದು ದೊಡ್ಡ ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ: ದೊಡ್ಡ ಗುಂಡು ಕರಗಲು ಇಡೀ ದಿನ ಬೇಕು, ಬಿಸಿಲು ಸಾಲದು, ಆದ್ದರಿಂದ ಸಣ್ಣ ಸಣ್ಣ ಗುಂಡುಗಳೇ ಆಗಬೇಕು. ಆ ಸಣ್ಣ ಗುಂಡುಗಳಿಗಾಗಿ ಯೋಜನೆಯ ಎರಡನೇ ಹಂತ ಮಂಜೂರಾಗುವ ಹಾಗಿದೆ.

ಮೂರನೆಯದು ಕೇಳಿ ಕುಣಿಯಬೇಕು ನೀನು. ಎರಡನೇ ಹಂತದಲ್ಲಿ ಒಂದು ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆ ಇದೆ. ಗುಂಡುಗಳನ್ನು ಕರಗಿಸಿ ಅಳೆಯುವ ಕೆಲಸ. ಮೆಕ್ಯಾನಿಕಲ್ ಓದಿದವರು ಬೇಕು. ನಾನು ನಿನ್ನ ಹೆಸರು ಹೇಳಿದೆ, ಸರ್ ತಲೆಯಾಡಿಸಿದರು. ಅರ್ಜಿ ಇದರೊಳಗಿದೆ. ಒಂದು ವಾರದೊಳಗೆ ತುಂಬಿ ಕಳಿಸು. ಆ ಪರದೆಯ ಹಿಂದಿನಿಂದ ನಿನ್ನನ್ನು ಎಳೆದು ತರದಿದ್ದರೆ ನಾನು ಶಿವಯೋಗಪ್ಪನ ಮಗಳಲ್ಲ.

ಸುಮಾ


ಕೊಟ್ಟೂರು, ೪ ಮಾರ್ಚ್ ೧೯೯೯

ಪ್ರೀತಿಯ ಸುಮಾ,

ಅರ್ಜಿ ತುಂಬಿದ್ದೇನೆ. ಹೆಸರಿನ ಜಾಗದಲ್ಲಿ 'ಗೌಸಿಯಾ ಹಸನ್ ಸಾಬ್, ಬಿ.ಇ.' ಎಂದು ಬರೆದು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಕಾಲೇಜು ಬಿಟ್ಟ ಮೇಲೆ ಹೆಸರಿನ ಮುಂದೆ ಅದನ್ನು ಬರೆದೇ ಇರಲಿಲ್ಲ ಕಣೇ.

ಅಬ್ಬಾಗೆ ಹೇಳಿದೆ. ಮನೆಯಲ್ಲಿ ನಾವು ಉರ್ದು ಆಡುವವರು, ಆದರೆ ಮಹತ್ವದ ಮಾತಿಗೆ ಅಬ್ಬಾ ಯಾವಾಗಲೂ ಅಂಗಡಿಯ ಕನ್ನಡಕ್ಕೇ ಬರುತ್ತಾರೆ. ಬೀಡಿ ಹಚ್ಚಿಕೊಂಡು, "ಹಾಕು. ಬಂದ್ರ ನೋಡೋಣು" ಎಂದರು. ಆಮೇಲೆ ಅವತ್ತಿಡೀ ಮಾತಾಡಲಿಲ್ಲ. ಅಮ್ಮಿ ಮಾತ್ರ ಸಮುದ್ರದ ಊರಿನಲ್ಲಿ ಮೀನಿನ ರೇಟು ಎಷ್ಟು ಎಂದು ವಿಚಾರಿಸು ಎನ್ನುತ್ತಿದ್ದಾಳೆ.

ಇನ್ನೊಂದು ಮಾತು. ನಗಬೇಡ. ನಿನ್ನ ಗುಂಡುಗಳಿಗೆ ತುಂಬಿ ಮೇಣ ಸ್ವಲ್ಪ ಉಳಿದಿತ್ತು. ಸುಟ್ಟುಹೋದ ಒಂದು ದೊಡ್ಡ ದುಂಡನೆಯ ಬಲ್ಬಿನ ಬುಡ ಬಿಡಿಸಿ, ಒಳಗಿನದೆಲ್ಲಾ ತೆಗೆದು, ಮೇಣ ತುಂಬಿ ಬಿಸಿನೀರಿನ ತೊಟ್ಟಿಯಲ್ಲಿ ತೂಗುಬಿಟ್ಟೆ. ಗಾಜಾದ್ದರಿಂದ ಒಳಗಿನದು ಚೆನ್ನಾಗಿ ಕಾಣುತ್ತದೆ. ನೀನು ಹೇಳಿದಂತೆ ಸುತ್ತಲಿಂದ ಕರಗಿತು ನಿಜ. ಆದರೆ ಗಡ್ಡೆ ನಡುವೆ ನಿಲ್ಲಲಿಲ್ಲ. ಮೆಲ್ಲಗೆ ಕೆಳಗಿಳಿದು ಗಾಜಿನ ತಳಕ್ಕೆ ಅಂಟಿಕೊಂಡು ಕೂತಿತು, ಕೂತಲ್ಲೇ ಭರಭರನೆ ಕರಗಿಹೋಯಿತು. ನೀನು ಹಿಂದೆ ಬರೆದು ಕಳಿಸಿದ್ದ ಲೆಕ್ಕದ ಪ್ರಕಾರ ಆಗಬೇಕಾದದ್ದಕ್ಕಿಂತ ಬಹಳ ಬೇಗ, ಹೆಚ್ಚೂಕಡಿಮೆ ಅರ್ಧಕ್ಕೆ. ನಾನೆಲ್ಲೋ ಎಡವಿದ್ದೇನೆ. ಎಲ್ಲಿ ಎಂದು ಹೇಳು.

ಗೌಸಿಯಾ


ಹಾಸ್ಟೆಲ್, ೧೬ ಮಾರ್ಚ್ ೧೯೯೯

ಗೌಸಿಯಾ,

ಅರ್ಜಿ ಸೇರಿತು, ಸರ್ ಮೇಜಿನ ಮೇಲಿದೆ.

ಬಲ್ಬಿನ ವಿಷಯ ಬಿಡು. ಅದು ಸರಿಯಾದ ಗುಂಡಲ್ಲ, ತೊಟ್ಟಿಯ ನೀರು ಒಂದೇ ಸಮ ಬಿಸಿ ಇರುವುದಿಲ್ಲ, ಎಷ್ಟು ಮೇಣ ಹಾಕಿದೆಯೋ ನಿನಗೇ ಗೊತ್ತಿಲ್ಲ. ಪ್ರಯೋಗ ಅಂದರೆ ಹಾಗಲ್ಲ. ನೀನು ಇಲ್ಲಿಗೆ ಬಂದ ಮೇಲೆ ಎಲ್ಲಾ ಕಲಿಸುತ್ತೇನೆ. ಚಾಚಾಗೆ ಇನ್ನೂ ನಲವತ್ತು ಗುಂಡು ಮಾಡಲು ಹೇಳು, ಸ್ವಲ್ಪ ಬೇಗ.

ಸುಮಾ


ಕೊಟ್ಟೂರು, ೨ ಏಪ್ರಿಲ್ ೧೯೯೯

ಡಾಕ್ಟರ್ ಆಗಲಿರುವ ಸುಮಲತಾ ಅವರಿಗೆ,

ಪ್ರಯೋಗ ಅಂದರೆ ಏನು ಎಂದು ನಿನಗೆ ಮೂರನೇ ಸೆಮಿಸ್ಟರಿನಲ್ಲಿ ಹೇಳಿಕೊಟ್ಟವಳು ನಾನು. ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

ಮತ್ತೆ ಮಾಡಿದೆ. ಮೇಣ ತೂಗಿ ಹಾಕಿದೆ, ನೀರನ್ನು ಕದಡುತ್ತಾ ಕೂತೆ. ಅದೇ ಆಯಿತು. ಗಟ್ಟಿ ಮೇಣ ಕರಗಿದ ಮೇಣಕ್ಕಿಂತ ಭಾರ, ಮಂಜುಗಡ್ಡೆಯಂತೆ ತೇಲುವುದಿಲ್ಲ, ಮುಳುಗುತ್ತದೆ. ಮುಳುಗಿ ಬಿಸಿ ಗೋಡೆಗೆ ತಾಗಿದರೆ ಬೇಗ ಕರಗಲೇಬೇಕು. ಹಾಗಿದ್ದರೆ ನಿನ್ನಲ್ಲಿ ಯಾಕೆ ಮುಳುಗಲಿಲ್ಲ ಎಂದು ಯೋಚಿಸಿದೆ. ನಿನ್ನ ಗುಂಡಿನಲ್ಲಿ ಐದು ತಂತಿಗಳಿವೆಯಲ್ಲ? ಮೇಣ ಹೆಪ್ಪುಗಟ್ಟಿದ್ದು ಅವುಗಳ ಸುತ್ತ. ಅಳೆಯಲು ಇಳಿಸಿದ ತಂತಿಯೇ ಗಡ್ಡೆಯನ್ನು ಬೀಳಗೊಡದೆ ನಡುವೆ ಹಿಡಿದು ನಿಲ್ಲಿಸಿದೆ. ನಿನ್ನ ಪ್ರೋಗ್ರಾಮಿನಲ್ಲೂ ಗಡ್ಡೆ ಅಲುಗಾಡುವುದಿಲ್ಲ ಎಂದು ನೀನೇ ಬರೆದುಕೊಂಡಿರಬೇಕು. ಎರಡೂ ಕಡೆ ಒಂದೇ ತಪ್ಪು, ಅದಕ್ಕೇ ಒಂದರ ಮೇಲೊಂದು ಕೂತವು.

ಗಾಜಿನ ಫ್ಲಾಸ್ಕಿನಲ್ಲಿ ತಂತಿ ಇಲ್ಲದೆ ಒಂದು ಸಲ ನೋಡು. ಸರ್‌ಗೆ ತೋರಿಸು. ಇದು ನಿನ್ನ ಹೆಸರಿನಲ್ಲಿ ನಿಲ್ಲುವ ಕೆಲಸ ಸುಮಾ.

ಗುಂಡುಗಳು ಹದಿನೈದು ದಿನದಲ್ಲಿ ಬರುತ್ತವೆ.

ಗೌಸಿಯಾ


ಕೊಟ್ಟೂರು, ೬ ಮೇ ೧೯೯೯

ಸುಮಾ,

ಒಂದು ತಿಂಗಳಾಯಿತು, ಒಂದು ಸಾಲೂ ಇಲ್ಲ. ಗುಂಡು ಸೇರಿದವೋ ಇಲ್ಲವೋ ಅದೂ ಗೊತ್ತಿಲ್ಲ. ಹೋದ ಕಾಗದದಲ್ಲಿ ಜೋರು ಮಾಡಿದೆ, ಅದಕ್ಕೆ ಮುನಿಸೇ?

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಬಲಗೈ ಮೇಲೆ ಚಹಾ ಚೆಲ್ಲಿಕೊಂಡೆ. ಏನೂ ಆಗಿಲ್ಲ, ಎರಡು ಬೆರಳು ಬಾತಿವೆ ಅಷ್ಟೇ. ಬಿಸಿಲು ವಿಪರೀತ. ಕೂಡ್ಲಿಗಿ ರಸ್ತೆಯ ಲಾರಿಗಳೆಲ್ಲಾ ಕುದಿಯುತ್ತಾ ನಮ್ಮ ಬಾಗಿಲಿಗೇ ಬರುತ್ತಿವೆ. ಅಬ್ಬಾಗೆ ಪುರಸೊತ್ತಿಲ್ಲ.

ಬರೆ ಮಾರಾಯ್ತಿ.

ಗೌಸಿಯಾ


ಹಾಸ್ಟೆಲ್, ೨೨ ಮೇ ೧೯೯೯

ಪ್ರೀತಿಯ ಗೌಸಿಯಾ,

ಮುನಿಸಲ್ಲ. ಥೀಸಿಸ್ ಬೈಂಡಿಂಗಿನ ಗಡಿಬಿಡಿ. ಗುಂಡುಗಳು ಬಂದಿವೆ, ಎಂದಿನಂತೆ ಚೆನ್ನಾಗಿವೆ.

ನೀನು ಹೇಳಿದಂತೆ ತಂತಿ ತೆಗೆದು ನೋಡಿದೆ. ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆದ್ದರಿಂದ ಆ ವಿಷಯ ಇಲ್ಲಿಗೆ ಮುಗಿಯಿತು, ಅದನ್ನು ತಲೆಗೆ ಹಚ್ಚಿಕೊಳ್ಳಬೇಡ, ಯಾರ ಹತ್ತಿರವೂ ಹೇಳುವುದೂ ಬೇಡ.

ಜೂನ್ ಇಪ್ಪತ್ತೊಂದಕ್ಕೆ ನನ್ನ ಮೌಖಿಕ ಪರೀಕ್ಷೆ. ಅದು ಮುಗಿದ ದಿನವೇ ಎರಡನೇ ಹಂತದ ಕಾಗದಗಳಿಗೆ ಸಹಿ, ನಿನ್ನ ಆರ್ಡರಿಗೂ ಸಹಿ. ಟ್ರಂಕು ತಯಾರಿಡು. ನನ್ನ ಕೋಣೆಯಲ್ಲೇ ಇನ್ನೊಂದು ಮಂಚ ಹಾಕಿಸಿದ್ದೇನೆ. ಕೈಗೆ ಬರ್ನಾಲ್ ಹಚ್ಚು.

ನಿನ್ನ ಸುಮಾ


ಕೊಟ್ಟೂರು, ೧೩ ಜೂನ್ ೧೯೯೯

ಸುಮಾ,

ನೀನು ನನಗೆ ಸುಳ್ಳು ಹೇಳಿದ್ದೀಯ.

ಈ ಸಲ ಎರಡು ಬಲ್ಬು ತೆಗೆದುಕೊಂಡೆ. ಒಂದರಲ್ಲಿ ಐದು ತಂತಿ ಇಳಿಸಿ ಮೇಣ ಹೆಪ್ಪುಗಟ್ಟಿಸಿದೆ, ಇನ್ನೊಂದರಲ್ಲಿ ಬರೀ ಮೇಣ. ಒಂದೇ ತೊಟ್ಟಿಯಲ್ಲಿ ಒಟ್ಟಿಗೇ ಬಿಟ್ಟೆ. ತಂತಿ ಇರುವುದರಲ್ಲಿ ಗಡ್ಡೆ ನಡುವೆ ನೇತಾಡುತ್ತಲೇ ಇತ್ತು, ಇನ್ನೊಂದು ಆಗಲೇ ನೀರಾಗಿ ಹೋಗಿತ್ತು. ಅಮ್ಮಿಯನ್ನು ಕರೆದು ತೋರಿಸಿದೆ. ಇದು ಯಾಕೆ ಇನ್ನೂ ಹಾಗೇ ನಿಂತಿದೆ ಎಂದು ಅವಳೂ ಕೇಳಿದಳು. ಅವಳಿಗೆ ಕಂಡದ್ದು ನಿನಗೆ ಕಾಣಲಿಲ್ಲವೆಂದರೆ ನಾನು ನಂಬುವುದಿಲ್ಲ.

ಯಾಕೆ ಮುಚ್ಚಿಟ್ಟೆ ಎಂದೂ ಗೊತ್ತಾಯಿತು. ದೊಡ್ಡ ಗುಂಡೇ ಬೇಗ ಕರಗುತ್ತದೆ ಎಂದಾದರೆ ಸಣ್ಣ ಗುಂಡುಗಳ ಎರಡನೇ ಹಂತ ಬೇಡ. ಎರಡನೇ ಹಂತ ಇಲ್ಲದಿದ್ದರೆ ಹುದ್ದೆ ಇಲ್ಲ. ನನಗಾಗಿ ಬಾಯಿ ಮುಚ್ಚಿಕೊಂಡಿದ್ದೀಯ.

ಹಾಗಾದರೆ ನಾನೂ ಹೇಳಬೇಕು. ನಾನು ಬರುವವಳಲ್ಲ ಸುಮಾ. ಅಬ್ಬಾಗೆ ಕಣ್ಣು ಕಾಣುವುದಿಲ್ಲ. ಎರಡು ವರ್ಷವಾಯಿತು, ಬೆಳಕು ಮಸುಕು ಮಸುಕಾಗಿ ಕಾಣುತ್ತದೆ ಅಷ್ಟೇ, ಬೆಸುಗೆಯ ಸಾಲು ಕಾಣುವುದಿಲ್ಲ. ಅವರು ಮುಂದೆ ಕೂತು ಮಾತಾಡುತ್ತಾರೆ, ರೇಡಿಯೇಟರ್ ಪರದೆ ದಾಟಿ ಒಳಗೆ ಬರುತ್ತದೆ, ಬೆಸುಗೆ ಹಾಕುವವಳು ನಾನು. ಕಣ್ಣಿಲ್ಲದ ಮಿಸ್ತ್ರಿ, ಹುಡುಗಿಯ ಕೈಯ ಬೆಸುಗೆ ಎಂದು ಗೊತ್ತಾದರೆ ಲಾರಿಯವರು ಯಾರು ಬರುತ್ತಾರೆ? "ಯಾರಿಗೂ ಅನಬ್ಯಾಡ" ಎಂದು ಅಬ್ಬಾ ಕೈ ಹಿಡಿದು ಕೇಳಿಕೊಂಡಿದ್ದರು. ನೀನು ಹೊಗಳಿದ ಗುಂಡುಗಳೆಲ್ಲಾ ನನ್ನವು. ಚೆಲ್ಲಿದ್ದು ಚಹಾ ಅಲ್ಲ, ಕಾದ ಸೀಸ. ನಾನು ಹೊರಟರೆ ಅಂಗಡಿ ಅವತ್ತೇ ಮುಚ್ಚುತ್ತದೆ.

ಹಾಗಿದ್ದೂ ಅರ್ಜಿ ಯಾಕೆ ತುಂಬಿದೆ ಎಂದು ಕೇಳುತ್ತೀಯ. ಆಸೆ ಕಣೇ. ಆರ್ಡರ್ ಬರುವವರೆಗಾದರೂ ಹೋಗುವವಳ ಹಾಗೆ ಇರೋಣ ಎನ್ನಿಸಿತು. ಟ್ರಂಕಿನ ಬೀಗವನ್ನೂ ಹೊಸದು ತಂದೆ. ನನಗೆ ನಾಚಿಕೆಯಾಗುತ್ತದೆ, ಆದರೆ ಆ ಮೂರು ತಿಂಗಳು ನಾನು ಖುಷಿಯಾಗಿದ್ದೆ.

ಇಪ್ಪತ್ತೊಂದಕ್ಕೆ ಪರೀಕ್ಷೆ. ಎಸ್‌ಟಿಡಿ ಬೂತಿನಲ್ಲಿ ನಾಲ್ಕು ಜನರೆದುರು ಇದನ್ನೆಲ್ಲಾ ಕೂಗಿ ಹೇಳಲಾರೆ, ಅದಕ್ಕೆ ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ. ನೀನೇ ಎದ್ದು ಹೇಳಿಬಿಡು. ಡಿಗ್ರಿ ಆರು ತಿಂಗಳು ತಡವಾದರೆ ಆಗಲಿ. ನನ್ನನ್ನು ನೆಪ ಮಾಡಿಕೊಂಡು ಸುಮ್ಮನಿರಬೇಡ.

ಗೌಸಿಯಾ


ಹಾಸ್ಟೆಲ್, ೨೨ ಜೂನ್ ೧೯೯೯

ಗೌಸಿಯಾ,

ನಿನ್ನ ಕಾಗದ ನಿನ್ನೆ ಸಂಜೆ ಕೈಗೆ ಬಂತು. ವಾರ್ಡನ್ ಮೇಡಂ ಅಂಚೆಯ ಪೆಟ್ಟಿಗೆಗೆ ಬೀಗ ಹಾಕಿ ಊರಿಗೆ ಹೋಗಿದ್ದರಂತೆ. ಪರೀಕ್ಷೆ ಮಧ್ಯಾಹ್ನವೇ ಮುಗಿದಿತ್ತು.

ನಡೆದದ್ದನ್ನು ಹಾಗೇ ಬರೆಯುತ್ತೇನೆ. ಮದ್ರಾಸಿನಿಂದ ಬಂದ ಪರೀಕ್ಷಕರು ಒಳ್ಳೆಯ ಮನುಷ್ಯ, ಬಹಳ ಮೆಚ್ಚಿಕೊಂಡರು. ಕೊನೆಗೆ ಕನ್ನಡಕ ತೆಗೆದು ಒರೆಸುತ್ತಾ, "ತಂತಿಗಳನ್ನು ಇಳಿಸದೆ ಒಂದು ಸಲವಾದರೂ ಮಾಡಿ ನೋಡಿದಿರಾ?" ಎಂದು ಕೇಳಿದರು. ಸರ್ ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಏನೂ ಕಪಟವಿರಲಿಲ್ಲ, ಅವರಿಗೆ ಗೊತ್ತೇ ಇಲ್ಲ. ನಾನು "ಇಲ್ಲ ಸರ್" ಎಂದೆ. ಪರೀಕ್ಷಕರು ಏನೋ ಗೀಚಿಕೊಂಡು ಮುಂದಿನ ಪ್ರಶ್ನೆಗೆ ಹೋದರು. ಆಮೇಲೆ ಎಲ್ಲರೂ ಡಾಕ್ಟರ್ ಸುಮಲತಾ ಎಂದು ಕರೆದರು, ಪೇಡಾ ಹಂಚಿದರು.

ಏಪ್ರಿಲ್‌ನಲ್ಲೇ ನೋಡಿದ್ದೆ. ನಿನ್ನ ಕಾಗದ ಬಂದ ದಿನವೇ ಫ್ಲಾಸ್ಕಿನಲ್ಲಿ ಮೇಣ ತುಂಬಿ ನೋಡಿದೆ. ಗಡ್ಡೆ ಕೆಳಗಿಳಿದು ಕೂತಿತು. ಸರ್ ಕೋಣೆಯ ಬಾಗಿಲ ತನಕ ಹೋದೆ. ಒಳಗೆ ಅವರು ಯಾರಿಗೋ ಫೋನಿನಲ್ಲಿ "ನಮ್ ಕಡಿ ಹುಡುಗಿ ರೀ, ಕೊಟ್ಟೂರಾಕಿ, ಆಕಿನ್ನ ತಗೊಳ್ಳಾಕ ಬೇಕು" ಎನ್ನುತ್ತಿದ್ದರು. ವಾಪಸ್ಸು ಬಂದೆ. ಎಲ್ಲಾ ನಿನಗಾಗಿ ಎಂದು ಹೇಳಿದರೆ ನನಗೆ ಹಗುರ. ಆದರೆ ನನಗೂ ಡಿಗ್ರಿ ಬೇಕಿತ್ತು ಗೌಸಿಯಾ. ಪ್ರೋಗ್ರಾಮು ಮೊದಲಿಂದ ಬರೆದು, ಆ ಕೋಣೆಯಲ್ಲಿ ಮತ್ತೆ ಎರಡು ವರ್ಷ ಕೂರುವ ಶಕ್ತಿ ಇರಲಿಲ್ಲ. ನೀನು ನೆಪವೂ ಆದೆ, ನಿಜವಾದ ಕಾರಣವೂ ಆದೆ. ಎರಡನ್ನೂ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ನಿನ್ನ ಬೆರಳುಗಳನ್ನು ನೆನೆಸಿಕೊಂಡು ರಾತ್ರಿಯೆಲ್ಲಾ ಅತ್ತೆ. ಚಾಚಾನ ಕೈ ಎಂದು ನಾನು ಬರೆದಾಗಲೆಲ್ಲಾ ನೀನು ಏನೆಂದುಕೊಂಡೆಯೋ.

ಆರ್ಡರ್ ಇದರೊಳಗಿದೆ. ಸರ್ ತಾವೇ ಕವರಿಗೆ ಹಾಕಿ ಕೊಟ್ಟರು, ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನೀನು ಬರುವುದಿಲ್ಲವೆಂದು ಗೊತ್ತು. ಬೇಕಾದರೆ ಹರಿದುಹಾಕು.

ಸುಮಾ


ಕೊಟ್ಟೂರು, ೨ ಜುಲೈ ೧೯೯೯

ಸುಮಾ,

ಆರ್ಡರ್ ಹೋದ ವಾರವೇ ಬಂತು. ಪೋಸ್ಟ್‌ಮ್ಯಾನ್ ನೇರ ಅಬ್ಬಾನ ಕೈಗೇ ಕೊಟ್ಟ. ಕವರು ದಪ್ಪಗಿದ್ದದ್ದು ಅವರ ಬೆರಳಿಗೆ ಗೊತ್ತಾಯಿತು. ಪರದೆ ಸರಿಸಿ ಒಳಗೆ ಬಂದು "ಓದು" ಎಂದರು. ನಿನ್ನ ಕಾಗದ ಬಿಟ್ಟು ಆರ್ಡರ್ ಮಾತ್ರ ಓದಿದೆ. ಹೆಸರನ್ನು ಎರಡು ಸಲ ಓದಿಸಿದರು. ನಾನು ಹೋಗುವುದಿಲ್ಲ ಅಬ್ಬಾ ಎಂದೆ.

"ನಾ ಅವತ್ತ ಹಾಕು ಅಂದಿದ್ದು ಬಾಯಿಮಾತಿಗೆ ಅಂದ್ಕಂಡ್ಯಾ?" ಎಂದು ಕೇಳಿದರು. ನಾಲ್ಕು ತಿಂಗಳು ಅವರು ಇದನ್ನೇ ಕಾಯುತ್ತಿದ್ದರಂತೆ. ಅವರ ಮೌನವನ್ನು ನಾನು ಬೇರೆಯಾಗಿ ತಿಳಿದಿದ್ದೆ.

ಅಂಗಡಿಯಲ್ಲಿ ಲಾರಿ ಮಾಲೀಕ ಅಜ್ಜಯ್ಯ ಕೂತಿದ್ದರು, ಚಿಗಟೇರಿಯವರು, ಇಪ್ಪತ್ತು ವರ್ಷದ ಗಿರಾಕಿ. ಅಬ್ಬಾ ಹೊರಗೆ ಹೋಗಿ ನಿಂತುಕೊಂಡೇ ಹೇಳಿದರು. "ಅಜ್ಜಯ್ಯನವರ, ನನ್ ಕಣ್ಣು ಹೋಗಿ ಎಲ್ಡು ವರ್ಷಾತ್ರಿ. ನಿಮ್ ಗಾಡಿ ಬೆಸಗಿ ಮಾಡಾಕಿ ನನ್ ಮಗಳು." ನಾನು ಪರದೆಯ ಹಿಂದೆ ನಿಂತಿದ್ದೆ. ಅಜ್ಜಯ್ಯ ಎದ್ದು ಪರದೆಯ ಕಡೆ ನೋಡಿದರು. ಆಮೇಲೆ, "ಎಲ್ಡು ವರ್ಷ ಒಂದ್ ಹನಿ ಸೋರಿಲ್ಲಲ್ಲ ಸಾಬ್ರ. ಆಕಿನ ಮಾಡ್ಲಿ ಬಿಡ್ರಿ" ಎಂದರು. ಅಷ್ಟೇ. ಇಷ್ಟಕ್ಕೆ ನಾವು ಎರಡು ವರ್ಷ ಹೆದರಿದ್ದೆವು.

ಅತ್ತೆಯ ಮಗ ಮುನಾವರ ಹೂವಿನಹಡಗಲಿಯಿಂದ ಬಂದಿದ್ದಾನೆ. ಗ್ಯಾರೇಜಿನಲ್ಲಿ ದುಡಿದವನು, ಕೈ ಪರವಾಗಿಲ್ಲ. ಹತ್ತು ದಿನದಲ್ಲಿ ಕೆಲಸ ಅವನ ಕೈಗೆ ಬರುತ್ತದೆ. ಅಮ್ಮಿ ನನ್ನ ಸೀರೆಗಳನ್ನು ಮಡಚಿ ಟ್ರಂಕಿನಲ್ಲಿಟ್ಟಿದ್ದಾಳೆ. ಅಬ್ಬಾ ಬಂದವರಿಗೆಲ್ಲಾ "ನನ್ ಮಗಳು ಸಮುದ್ರದ ಊರಾಗ ಇಂಜಿನಿಯರ್" ಎಂದು ಹೇಳುತ್ತಿದ್ದಾರೆ. ಪರದೆಯನ್ನು ಅವರೇ ಕಿತ್ತುಹಾಕಿದರು. ನನ್ನನ್ನು ತಡೆಯುವವರು ಈ ಮನೆಯಲ್ಲಿ ಯಾರೂ ಇಲ್ಲ.

ಈಗ ಆರ್ಡರನ್ನು ನಾನೊಬ್ಬಳೇ ಇನ್ನೊಮ್ಮೆ ಓದಿದೆ. ಕೆಲಸದ ವಿವರ ಎರಡನೇ ಪುಟದಲ್ಲಿದೆ: ಗುಂಡುಗಳು ಕರಗುವ ಅವಧಿಯನ್ನು ಅಳೆದು, ಡಾ. ಸುಮಲತಾ ಅವರ ಲೆಕ್ಕದೊಂದಿಗೆ ತಾಳೆ ನೋಡಿ, ಪ್ರತಿ ತಿಂಗಳು ಸಹಿ ಮಾಡಿ ಒಪ್ಪಿಸತಕ್ಕದ್ದು. ಇದ್ದದ್ದನ್ನು ಇದ್ದಂತೆ ಅಳೆದರೆ ನಿನ್ನ ಡಿಗ್ರಿ ಹೋಗುತ್ತದೆ, ಸರ್ ಮಾನ ಹೋಗುತ್ತದೆ. ನಿನಗೆ ಬೇಕಾದಂತೆ ಅಳೆದರೆ ಪ್ರತಿ ತಿಂಗಳು ಸುಳ್ಳಿನ ಕೆಳಗೆ ನನ್ನ ಹೆಸರು. ಬರದೇ ಇದ್ದರೆ ಅಬ್ಬಾಗೆ ಯಾಕೆ ಎಂದು ಹೇಳಲಿ? ಅವರು ಇಡೀ ಊರಿನೆದುರು ತಮ್ಮ ಕಣ್ಣಿನ ವಿಷಯ ಹೇಳಿಕೊಂಡದ್ದು ನಾನು ಹೋಗಲಿ ಎಂದು.

ಹದಿನೈದರೊಳಗೆ ಸೇರಬೇಕು. ಹದಿಮೂರರ ಬೆಳಿಗ್ಗೆಯ ಬಸ್ಸಿಗೆ ಮುನಾವರ ಟಿಕೆಟ್ ಮಾಡಿಸಿದ್ದಾನೆ. ನನಗೆ ಉದ್ದ ಕಾಗದ ಬೇಡ, ಕ್ಷಮೆ ಬೇಡ, ಅಳು ಬೇಡ. ತಂತಿ ಇಳಿಸಿ ಅಳೆಯಲೇ, ತೆಗೆದು ಅಳೆಯಲೇ? ಅದೊಂದನ್ನು ಒಂದು ಕಾರ್ಡಿನಲ್ಲಿ ಬರೆದು ತಕ್ಷಣ ಹಾಕು.

ಗೌಸಿಯಾ